ಟ್ಯಾಂಕಿನ ಮೇಲೆ ಕೂತ ಚಂದ್ರ

ಡ್ರೈವರ್ ಮಾಡಿದ ತಪ್ಪು ಇಷ್ಟೇ. ಬೆಳಿಗ್ಗೆ ಡಿಪೋದಲ್ಲಿ ಚಹಾ ಕುಡಿಯುತ್ತ, “ನಿನ್ನೆ ಬೆಳಿಗ್ಗೆ ಒಂಬತ್ತು ಗಂಟೆಗೆ ನಮ್ಮ ನೀರಿನ ಟ್ಯಾಂಕ್ ಮೇಲೆ ಚಂದ್ರ ಕೂತಿದ್ದ ಕಣಯ್ಯ” ಎಂದು ಪಕ್ಕದ ಬಸ್ಸಿನ ಕಂಡಕ್ಟರನಿಗೆ ಹೇಳಿಬಿಟ್ಟ. ಆ ಕಂಡಕ್ಟರನಿಗೆ ರೇಡಿಯೋ ಎಂದೇ ಅಡ್ಡಹೆಸರು. ಲೋಟ ಬರಿದಾಗುವುದರೊಳಗೆ ಸುದ್ದಿ ಮ್ಯಾನೇಜರ ಕೋಣೆ ಸೇರಿತು.

“ಹಗಲಲ್ಲಿ ನಕ್ಷತ್ರ ಕಂಡವರು ಬೇಕಾದಷ್ಟು ಜನ ಇದಾರೆ. ಚಂದ್ರನ್ನ ಕಂಡವನು ನೀನೊಬ್ಬನೇ” ಎಂದ ಮೆಕ್ಯಾನಿಕ್.

ಮ್ಯಾನೇಜರ್ ನಗಲಿಲ್ಲ. “ಇಲ್ಲದ್ದು ಕಾಣೋ ಕಣ್ಣನ್ನ ನಂಬಿ ಐವತ್ತು ಜನರ ಪ್ರಾಣ ಒಪ್ಪಿಸೋಕಾಗಲ್ಲಪ್ಪ. ಇವತ್ತೂ ಒಂಬತ್ತಕ್ಕೆ ತೋರಿಸು. ಇಲ್ಲಾಂದ್ರೆ ನಾಳೆಯಿಂದ ಟಯರ್ ರೂಮು.”

ಇಪ್ಪತ್ತು ವರ್ಷ ಸ್ಟೀರಿಂಗ್ ಹಿಡಿದ ಕೈಗೆ ಪಂಕ್ಚರ್ ಕೆಲಸವೆಂದರೆ ಡ್ರೈವರಿಗೆ ಜೀವ ಹೋದಂತೆಯೇ. ಅವನ ಎಂಟು ನಲವತ್ತರ ಬಸ್ಸನ್ನು ಆಗಲೇ ಇನ್ನೊಬ್ಬ ಹತ್ತಿ ಕೂತು ಹಾರನ್ ಹೊಡೆಯುತ್ತ ಹೊರಟುಹೋದ.

ಒಂಬತ್ತಕ್ಕೆ ಇಡೀ ಡಿಪೋ ವರ್ಕ್‌ಶಾಪಿನ ತಗಡಿನ ಮಾಡಿನ ಕೆಳಗೆ ಸಾಲಾಗಿ ನಿಂತಿತು. ಟ್ಯಾಂಕಿನ ಮೇಲೆ ಒಂದು ಕಾಗೆ ಇತ್ತು.

“ಸ್ವಲ್ಪ ಕಪ್ಪಗಾಗಿದಾನೆ ನಿನ್ನ ಚಂದ್ರ” ಎಂದ ರೇಡಿಯೋ.

ಡ್ರೈವರ್ ಮೂಲೆಗೆ ಸರಿದು, ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಅಕ್ಕನಿಗೆ ಫೋನ್ ಮಾಡಿದ.

“ಪಾಠ ಹೇಳಿದಾಗ ಕೇಳಿದ್ರೆ ತಾನೇ” ಎಂದಳು ಅಕ್ಕ. “ಚಂದ್ರ ದಿನಾ ಸುಮಾರು ಐವತ್ತು ನಿಮಿಷ ತಡ ಮಾಡ್ತಾನೆ ಕಣೋ. ಇನ್ನು ಐವತ್ತು ನಿಮಿಷ ಅವರನ್ನ ಹಿಡ್ಕೊಂಡಿರು. ನಂಗೆ ಕ್ಲಾಸಿದೆ.”

ಹಿಡಿದಿಟ್ಟುಕೊಳ್ಳಲು ಡ್ರೈವರ್ ತನ್ನ ದುಡ್ಡಿನಲ್ಲಿ ಎರಡು ಸಲ ಎಲ್ಲರಿಗೂ ಚಹಾ ಕುಡಿಸಿದ. ಮೂರನೆಯದಕ್ಕೆ ಜೇಬು ತಡಕುತ್ತಿದ್ದಾಗ ಮೆಕ್ಯಾನಿಕ್‌ನ ಬಾಯಿ ಹಾಗೆಯೇ ತೆರೆದುಕೊಂಡಿತು. ಮಾಡಿನ ಅಂಚಿನಿಂದ ಸವೆದ ಸೋಪಿನ ಬಿಲ್ಲೆಯಂಥ ಚಂದ್ರ ಮೆಲ್ಲಗೆ ಇಳಿದು ಬರುತ್ತಿದ್ದ. ಅಷ್ಟು ಹೊತ್ತೂ ಅವರ ತಲೆಯ ಮೇಲಿನ ತಗಡಿನ ಮರೆಯಲ್ಲೇ ಇದ್ದ. ಬಿಸಿಲಿಗೆ ಹೆದರಿ ಒಬ್ಬರೂ ಹೊರಗೆ ಕಾಲಿಟ್ಟಿರಲಿಲ್ಲ. ಒಂಬತ್ತು ಐವತ್ತಕ್ಕೆ ಸರಿಯಾಗಿ ಟ್ಯಾಂಕಿನ ಮೇಲೆ ಬಂದು ಕೂತ.

ಡಿಪೋಗೆ ಡಿಪೋವೇ ಕುಣಿಯಿತು. ನಕ್ಕವರೇ ಡ್ರೈವರನನ್ನು ಹೆಗಲ ಮೇಲೆ ಹೊತ್ತರು. ಇಷ್ಟು ಸಂತೋಷ ಅವನಿಗೆ ತನ್ನ ಮದುವೆಯಲ್ಲೂ ಆಗಿರಲಿಲ್ಲ. ಹುಟ್ಟಿದಾಗಲೇ ತಿಳಿದಿದ್ದವನಂತೆ ಮೇಲಿಂದಲೇ ಪಾಠ ಶುರುಮಾಡಿದ: “ದಿನಾ ಐವತ್ತು ನಿಮಿಷ ತಡ. ಲೆಕ್ಕ ಅಂದ್ರೆ ಲೆಕ್ಕ.”

“ಕಣ್ಣು ಸರಿಯಾಗಿದೆ, ಒಪ್ಪಿದೆ” ಎಂದರು ಮ್ಯಾನೇಜರ್. “ನಿನ್ನೆ ನೋಡಿದಾಗ ಎಲ್ಲಿ ನಿಂತಿದ್ದೆ?”

“ಇದೇ ಜಾಗದಲ್ಲಿ ಸರ್.”

“ಒಂಬತ್ತಕ್ಕೇನಾ?”

“ಗಡಿಯಾರ ನೋಡೇ ಹೇಳ್ತಿದೀನಿ. ಬೇಕಾದ್ರೆ ಅವನನ್ನೇ ಕೇಳಿ” ಎಂದು ಚಂದ್ರನತ್ತ ಕೈ ತೋರಿಸಿದ.

“ನಿನ್ನೆ ಎಂಟು ನಲವತ್ತಕ್ಕೇ ಬಸ್ ತೆಗೆದೆ ಅಂತ ಗೇಟ್ ಪುಸ್ತಕದಲ್ಲಿ ನೀನೇ ಬರೆದಿದೀಯಲ್ಲಪ್ಪ.”

ಹೆಗಲುಗಳು ಒಂದೊಂದಾಗಿ ಜಾರಿಕೊಂಡವು. ಡ್ರೈವರ್ ನೆಲಕ್ಕೆ ಬಂದ. ಮ್ಯಾನೇಜರ್ ಟಯರ್ ರೂಮಿನ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟರು.

“ಸರ್, ಅವನು ದಿನಾ ಐವತ್ತು ನಿಮಿಷ ತಡ ಮಾಡ್ತಾನೆ, ಯಾರೂ ಕೇಳಲ್ಲ. ನಾನು ಒಂದೇ ದಿನ, ಅದೂ ಇಪ್ಪತ್ತು ನಿಮಿಷ…”

“ಅವನು ಪುಸ್ತಕದಲ್ಲಿ ಸುಳ್ಳು ಬರೆಯಲ್ಲ” ಎಂದರು ಮ್ಯಾನೇಜರ್.