ಗಾದಿಯ ಮೇಲೆ ಕೂತವರ ಮನೆತನ

ಹೆಂಡತಿಯ ತವರಿನವರೆದುರು ಹೇಳಿಕೊಳ್ಳಲು ಗಂಡಸಿಗೆ ಏನಾದರೂ ಒಂದು ಇರಬೇಕು. ಕೆಲವರಿಗೆ ಹುದ್ದೆ ಇರುತ್ತದೆ, ಕೆಲವರಿಗೆ ನೀರಾವರಿ ಹೊಲ. ಮಾನ್ವಿಯ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಂಡು, ಮೈತೂಕದ ಹೊರತು ಬೇರೇನನ್ನೂ ಗಳಿಸದ ನನಗೆ ಇದ್ದವನು ನಮ್ಮಜ್ಜ. ಕುರ್ಡಿಯ ನಮ್ಮಜ್ಜ ಹನುಮಪ್ಪ, ರಾಯಚೂರಿನ ಹತ್ತಿ ಗಿರಣಿ ಸಾಹುಕಾರರ ಮಹಲಿನಲ್ಲಿ ಗಾದಿಯ ಮೇಲೆ ಕೂತವನು. ಸಾಹುಕಾರರು ನಿಂತಿರುತ್ತಿದ್ದರಂತೆ, ಅಜ್ಜ ಕೂತಿರುತ್ತಿದ್ದನಂತೆ. ಇದು ಅಜ್ಜನೇ ಹೇಳಿದ್ದು. ಯಾಕೆ ಎಂದು ಕೇಳಿದರೆ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡುಬಿಡುತ್ತಿದ್ದ.

ದೇವದುರ್ಗದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಭಾವಮೈದುನ ಬಸವರಾಜ ತೂಗಿ ನೋಡದೆ ಏನನ್ನೂ ನಂಬುವವನಲ್ಲ. ಹೋದ ಭಾನುವಾರ ಮನೆಗೆ ಬಂದವನೇ, "ಮಾಮಾ, ಆ ಮಹಲು ನೋಡಾಕ ಬಿಡಾಕತ್ತಾರಂತ. ನಡೀರಿ, ನಿಮ್ಮಜ್ಜನ ಗಾದಿನೂ ನೋಡ್ಕೊಂಡು ಬರೂಣು" ಎಂದ. "ಬಿಸಿಲು ಭಾಳ ಅದ, ಇನ್ನೊಮ್ಮೆ ಹೋಗೂಣು" ಎಂದೆ. ನನ್ನ ಹೆಂಡತಿ ಶಾಂತಾ ಆಗಲೇ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

ಹೊರಗೆ ರಾಯಚೂರಿನ ಬಿಸಿಲು. ಮಹಲಿನ ಒಳಗೆ ಕಾಲಿಟ್ಟರೆ ಹಾಯ್ ಎನ್ನುವ ತಂಪು. ತೇಗದ ಕಂಬಗಳು, ನೆಲದ ಮೇಲೆಲ್ಲ ಬಣ್ಣದ ಗಾಜಿನ ಬೆಳಕು. ಅಜ್ಜನ ವಿಷಯ ಬಾರದಿರಲೆಂದು ನಾನು ಒಂದೇ ಸಮನೆ ಪಾಠ ಶುರು ಮಾಡಿದೆ. ಗೋಡೆಯಲ್ಲಿದ್ದ ತೂತು ತೋರಿಸಿ, "ಇದು ಬಂದೂಕು ಇಡಾಕ" ಎಂದೆ.

"ಅಲ್ರೀ, ಪಂಖಾ ಎಳಿಯೂ ಹಗ್ಗಕ್ಕ" ಎಂದಿತು ಹಿಂದಿನಿಂದ ಒಂದು ದನಿ. ಹಣೆಯ ತುಂಬ ವಿಭೂತಿ ಧರಿಸಿದ್ದ ಮುದುಕಿ, ಆ ಮನೆಯ ಹಿರಿಯ ಸೊಸೆ, ನಗುತ್ತ ನಿಂತಿದ್ದರು.

ಬಸವರಾಜ ಬಿಡುತ್ತಾನೆಯೇ? "ಯವ್ವಾ, ಕುರ್ಡಿ ಹನುಮಪ್ಪ ಅನ್ನಾಂವ ಇಲ್ಲಿ ಗಾದಿ ಮ್ಯಾಲೆ ಕೂಡ್ತಿದ್ದನಂತ. ಖರೇ ಏನ್ರೀ?" ಎಂದ. ನಾನು ತೊಲೆಗಳನ್ನು ನೋಡತೊಡಗಿದೆ.

"ಧಡೂತಿ ಹನುಮಪ್ಪ ಏನು? ಖರೇನ. ಅಂವ ಕುಂತು ಎದ್ದ ಮ್ಯಾಲೇನ ನಮ್ಮ ಮಾವಾರು ಕೂಡ್ತಿದ್ರು."

ನನ್ನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು. ಮುದುಕಿ ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ನಮ್ಮ ಗಿರಣಿ ಹತ್ತಿ ಭಾಳ ಹಗರು. ಹೊಸಾ ಗಾದಿ ಇಷ್ಟೆತ್ತರ ಉಬ್ಬತಿತ್ತು. ಮಾವಾರು ಸಣಕಲು, ಕುಂತ್ರ ಉರುಳಿ ಬೀಳ್ತಿದ್ರು. ಅದಕ್ಕ ಗಿರಣ್ಯಾಗ ಹಮಾಲಿ ಮಾಡೂ ಹನುಮಪ್ಪನ್ನ ಕರಿಸಿ, ಸಂಜಿತನಕ ಕುಂಡ್ರಿಸಿ ಗಾದಿ ತಗ್ಗಸ್ತಿದ್ರು."

ಬಸವರಾಜ ಕಂಬ ಹಿಡಿದುಕೊಂಡು ನಕ್ಕ. ಶಾಂತಾ ಬಾಯಿಗೆ ಸೆರಗು ಹಚ್ಚಿದಳು. ನನಗೆ ನಾಚಿಕೆಯಾದದ್ದು ನಿಜ, ಆದರೆ ಸಂತೋಷ ಅದಕ್ಕಿಂತ ಹೆಚ್ಚು. ಅಜ್ಜ ಒಂದಕ್ಷರವೂ ಸುಳ್ಳು ಹೇಳಿರಲಿಲ್ಲ.

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮೊಮ್ಮಗ ಹೌದಲ್ಲ? ಕೇಳೋದ ಬ್ಯಾಡ ಬಿಡು, ಕಾಣಸ್ತದ. ಯಪ್ಪಾ, ಮನ್ಯಾಗ ಮದುವಿ ಅದ, ನಿನ್ನೆ ಹೊಸಾ ಗಾದಿ ಹೊಲಿಸೀನಿ. ಒಂದೀಟು ಕುಂತು ಹೋಗ್ತಿ?"

ಕೂತೆ. ಹೋಳಿಗೆ ಬಂತು, ತುಪ್ಪ ಬಂತು. ಸಾಹುಕಾರರ ಮನೆಯವರು ನಿಂತಿದ್ದರು, ಬಸವರಾಜ ನಿಂತಿದ್ದ, ನಾನು ಕೂತಿದ್ದೆ. ನಡುವೆ ನಾನೆದ್ದಾಗ ಕಡ್ಡಿಯಂಥ ಬಸವರಾಜನೂ ಒಮ್ಮೆ ಕೂತು ನೋಡಿದ. "ನೀ ಏಳಪ್ಪಾ, ಮತ್ತ ಉಬ್ಬತದ" ಎಂದು ಮುದುಕಿ ಅವನನ್ನು ಎಬ್ಬಿಸಿದರು.

ಮರುದಿನ ನಸುಕಿನಲ್ಲಿ ಶಾಂತಾ ಎಂದಿನಂತೆ ವಾಕಿಂಗಿಗೆ ಎಬ್ಬಿಸಲು ಬಂದಳು. "ತೂಕ ನಮ್ಮ ಮನೆತನದ ಆಸ್ತಿ, ಕರಗಸಬ್ಯಾಡ" ಎಂದು ಗತ್ತಿನಿಂದ ಮಗ್ಗುಲಾದೆ.

"ನಮ್ಮ ಮನಿ ಗಾದಿ ಯಾವಾಗೋ ತಗ್ಗೇದ," ಎಂದಳು, "ಏಳ್ರಿ."