ಮೇನ್ ಸ್ವಿಚ್ಚಿನ ಕರ್ತವ್ಯದಿಂದ ಛತ್ರಿಯನ್ನು ಬಿಡುಗಡೆಗೊಳಿಸುವ ಬಗ್ಗೆ

ಮನೆವಾರ್ತೆ ಇಲಾಖೆ
(ಅಡುಗೆಮನೆ ಶಾಖೆ)

ಸಂಖ್ಯೆ: ಮವಾಇ/ಅಡುಗೆ/ಜನರೇಟರ್/೦೧
ದಿನಾಂಕ: ಘಟನೆಯ ಮರುದಿನ, ಬುಧವಾರ

ಸುತ್ತೋಲೆ

ವಿಷಯ: ಕರೆಂಟು ಹೋದಾಗ ಮನೆಗೆ ಜನರೇಟರ್ ಜೋಡಿಸುವ ಕ್ರಮ ಹಾಗೂ ತತ್ಸಂಬಂಧ ಛತ್ರಿಯ ಸೇವೆಯನ್ನು ಹಿಂಪಡೆಯುವ ಕುರಿತು.

ಉಲ್ಲೇಖ:
(ಅ) ಯಜಮಾನರು ಊಟದ ನಡುವೆ ನೀಡಿದ ಮೌಖಿಕ ಭರವಸೆ: “ಏನೂ ಆಗಲ್ಲ, ಸುಮ್ನಿರು.”
(ಆ) ಅದೇ ಭರವಸೆ, ಮಜ್ಜಿಗೆಯ ಹೊತ್ತಿಗೆ, ಎರಡನೇ ಬಾರಿ.
(ಇ) ಲೈನ್‌ಮನ್ನರು ಕಂಬದ ಮೇಲಿಂದ ಜಾರಿಗೊಳಿಸಿದ ಮೌಖಿಕ ನೋಟಿಸು, ಮಂಗಳವಾರ, ಬೆಳಿಗ್ಗೆ ಹನ್ನೊಂದೂಕಾಲು.

ಪ್ರಸ್ತಾವನೆ:

ಈ ಮನೆಯ ಯಜಮಾನರು ಒಬ್ಬರೇ ಎತ್ತಿ ಒಯ್ಯಬಹುದಾದ (ಅಂಗಡಿಯವರ ಹೇಳಿಕೆಯಂತೆ, ವಾಸ್ತವದಲ್ಲಿ ಇಬ್ಬರು ಹಾಗೂ ಒಂದು ಸೊಂಟನೋವು) ಪೆಟ್ರೋಲ್ ಜನರೇಟರೊಂದನ್ನು ತಂದಿರುತ್ತಾರೆ. ಎರಡೂ ತುದಿಗೆ ಪಿನ್ನಿರುವ ವೈರನ್ನು ಸ್ವಹಸ್ತದಿಂದ ತಯಾರಿಸಿ, ಒಂದು ತುದಿಯನ್ನು ಜನರೇಟರಿಗೂ ಇನ್ನೊಂದನ್ನು ವಾಷಿಂಗ್ ಮಷೀನಿನ ಸಾಕೆಟ್ಟಿಗೂ ಚುಚ್ಚಿ, ಇಡೀ ಮನೆಗೆ ಹಿಂಬಾಗಿಲಿನಿಂದ ಕರೆಂಟು ಒದಗಿಸಿರುತ್ತಾರೆ.

ಹೀಗೆ ಮಾಡುವಾಗ ಮೇನ್ ಸ್ವಿಚ್ಚನ್ನು ಕೆಳಗಿಳಿಸಿರಬೇಕು. ಇಲ್ಲದಿದ್ದರೆ ಮನೆಯ ಕರೆಂಟು ಮನೆಯಲ್ಲಿ ನಿಲ್ಲದೆ ಬೀದಿಯ ತಂತಿಗೆ ಹರಿಯುತ್ತದೆ. ಇದು ಯಜಮಾನರಿಗೆ ತಿಳಿದಿತ್ತು. ಆದ್ದರಿಂದಲೇ ಅವರು, ಸ್ವಿಚ್ಚು ಕೆಳಗಿರುವುದು ಉದ್ದೇಶಪೂರ್ವಕವೆಂದು ಮನೆಮಂದಿಗೆಲ್ಲ ತಿಳಿಯಲಿ ಎಂದು, ಅದರ ಹಿಡಿಗೆ ಮನೆಯ ಏಕೈಕ ಛತ್ರಿಯನ್ನು ತೂಗುಹಾಕುವ ಪದ್ಧತಿಯನ್ನು ಜಾರಿಗೆ ತಂದರು. ಛತ್ರಿ ಇದ್ದರೆ ಜನರೇಟರ್ ಓಡುತ್ತಿದೆ, ಮುಟ್ಟಬಾರದು. ಛತ್ರಿ ಇಲ್ಲದಿದ್ದರೆ ಓಡುತ್ತಿಲ್ಲ, ಸ್ವಿಚ್ಚನ್ನು ಮೇಲೆತ್ತಬಹುದು. ಬೀದಿಯ ಕರೆಂಟು ಬಂತೋ ಇಲ್ಲವೋ ಎಂಬುದಕ್ಕೆ ಎದುರಿನ ದರ್ಜಿ ಅಂಗಡಿಯ ಬಲ್ಬೇ ಪ್ರಮಾಣ. ನಾಲ್ಕು ತಿಂಗಳು ಈ ವ್ಯವಸ್ಥೆ ಹೂವೆತ್ತಿದಂತೆ ನಡೆಯಿತು.

ಮಂಗಳವಾರ ಈ ಮನೆಗೂ ದರ್ಜಿ ಅಂಗಡಿಗೂ ಬರುವ ತಂತಿ ಕಂಬದ ಬಳಿ ತುಂಡಾಯಿತು. ಹಿತ್ತಿಲ ನೀರಿನ ಟ್ಯಾಂಕಿನಾಚೆ ಜನರೇಟರ್ ಓಡುತ್ತಿತ್ತು. ಪಕ್ಕದ ಹಿಟ್ಟಿನ ಗಿರಣಿಯ ಡೀಸೆಲ್ ಎಂಜಿನ್ನಿನ ಗದ್ದಲದಲ್ಲಿ ಅದರ ಸದ್ದು ಕೇಳುತ್ತಿರಲಿಲ್ಲ. ಹನ್ನೊಂದು ಗಂಟೆಗೆ ಅತ್ತೆಯವರು ಹೊರಗೆ ಹೊರಟು, ಛತ್ರಿಯನ್ನು ತೆಗೆದುಕೊಂಡು ಹೋದರು. ತರುವಾಯ ಮೇನ್ ಸ್ವಿಚ್ಚನ್ನು ಮೇಲೆತ್ತಲಾಯಿತು. ದರ್ಜಿಯ ಬಲ್ಬು ಹೊತ್ತಿತು. ಆ ವೇಳೆಗೆ ಲೈನ್‌ಮನ್ನರು ಕಂಬದ ಮೇಲೆ, ತಂತಿಯಿಂದ ಒಂದು ಗೇಣು ದೂರದಲ್ಲಿದ್ದರು.

ಕೈ ಹಾಕುವ ಮೊದಲು ಟೆಸ್ಟರ್ ಹಚ್ಚಿ ನೋಡುವುದು ಅವರ ಇಪ್ಪತ್ತಾರು ವರ್ಷದ ಅಭ್ಯಾಸ. ಸತ್ತ ತಂತಿಯಲ್ಲಿ ಟೆಸ್ಟರ್ ಮಿನುಗಿತು. ಉಲ್ಲೇಖ (ಇ)ರ ನೋಟಿಸು ಆಗ ಜಾರಿಯಾದದ್ದು. ಅದರ ಭಾಷೆಯನ್ನು ಇಲ್ಲಿ ನಕಲು ಮಾಡಿಲ್ಲ. ಕೆಳಗಿಳಿದು ಮನೆಗೆ ಬಂದ ಅವರು ಎರಡು ಲೋಟ ನೀರು ಕುಡಿದು, ಕೆಳಕಂಡ ಹೇಳಿಕೆ ನೀಡಿರುತ್ತಾರೆ:

“ನಿಮ್ಮನೆ ಕರೆಂಟು ನಿಮ್ಮನೇಲೇ ಇಟ್ಕೊಳ್ಳಿ ಸ್ವಾಮಿ. ನಂಗೂ ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗೋದಿದೆ. ಈ ವಿಷಯ ನಮ್ಮನೆಯವಳ ಕಿವಿಗೆ ಮಾತ್ರ ಬೀಳ್ಬಾರ್ದು. ಬಿದ್ರೆ ನಾಳೆಯಿಂದ ಏಣಿ ಮುಟ್ಟೋಕ್ಕೂ ಬಿಡಲ್ಲ ಅವಳು.”

ಮೇಲ್ಕಂಡ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಮನೆಯ ಸಮಸ್ತ ಸದಸ್ಯರಿಗೆ ಈ ಕೆಳಗಿನಂತೆ ಸೂಚಿಸಲಾಗಿದೆ:

೧. ಎರಡೂ ತುದಿಗೆ ಪಿನ್ನಿರುವ ವೈರನ್ನು ವಶಪಡಿಸಿಕೊಂಡು, ನಡುವೆ ಕತ್ತರಿಸಿ, ಎರಡು ತುಂಡು ಮಾಡಲಾಗಿದೆ. ಸಾಕೆಟ್ಟಿನಿಂದ ಕಳಚಿದರೆ ಕರೆಂಟು ತುಂಬಿಕೊಂಡು ಹಲ್ಲು ಕಿರಿದು ನಿಲ್ಲುವ ಇಂಥ ವೈರನ್ನು ಮತ್ತೆ ತಯಾರಿಸತಕ್ಕದ್ದಲ್ಲ. ಕತ್ತರಿಸುವಾಗ ಯಜಮಾನರು ಬಿಟ್ಟ ನಿಟ್ಟುಸಿರನ್ನು ಆಕ್ಷೇಪಣೆಯೆಂದು ಪರಿಗಣಿಸಿಲ್ಲ.

೨. ಜನರೇಟರನ್ನು ಮನೆಯೊಳಗೆ, ಕಿಟಕಿಯ ಬುಡದಲ್ಲಿ ಅಥವಾ ಜಗಲಿಯ ಮೇಲೆ ಓಡಿಸಕೂಡದು. ಅದರ ಹೊಗೆಯಲ್ಲಿನ ವಿಷಕ್ಕೆ ವಾಸನೆಯಿಲ್ಲ, ದಾಕ್ಷಿಣ್ಯವೂ ಇಲ್ಲ. ಕಳ್ಳರ ಭಯವಿರುವುದರಿಂದ ಅದನ್ನು ತಮ್ಮ ಮಂಚದ ಕೆಳಗೆ ಇಟ್ಟು ಓಡಿಸಬಹುದೆಂಬ ಅತ್ತೆಯವರ ಉದಾರ ಪ್ರಸ್ತಾವವನ್ನು ವಂದನೆಗಳೊಂದಿಗೆ ತಿರಸ್ಕರಿಸಲಾಗಿದೆ.

೩. ಶುಕ್ರವಾರ ಎಲೆಕ್ಟ್ರಿಷಿಯನ್ ಬಂದು ಚೇಂಜ್‌ಓವರ್ ಸ್ವಿಚ್ಚನ್ನು ಅಳವಡಿಸುವರು. ಇದರ ಹಿಡಿ ಒಂದೋ ಬೀದಿಯ ಕಡೆಗಿರುತ್ತದೆ, ಇಲ್ಲವೇ ಜನರೇಟರಿನ ಕಡೆಗೆ. ಎರಡು ದೋಣಿಯಲ್ಲಿ ಕಾಲಿಡಲು ಅದಕ್ಕೆ ಸಾಧ್ಯವೇ ಇಲ್ಲ. ಈ ಗುಣವನ್ನು ಸಂಬಂಧಿಕರಲ್ಲಿಯೂ ಅಳವಡಿಸಬಹುದೇ ಎಂದು ಎಲೆಕ್ಟ್ರಿಷಿಯನ್ನರನ್ನು ಕೇಳತಕ್ಕದ್ದಲ್ಲ. ಅಲ್ಲಿಯವರೆಗೆ ಜನರೇಟರ್ ರಜೆಯ ಮೇಲಿರುತ್ತದೆ.

೪. ಛತ್ರಿಯನ್ನು ಮೇನ್ ಸ್ವಿಚ್ಚಿನ ಕರ್ತವ್ಯದಿಂದ ತಕ್ಷಣದಿಂದಲೇ ಬಿಡುಗಡೆಗೊಳಿಸಿ ಮಾತೃ ಇಲಾಖೆಗೆ (ಬಾಗಿಲ ಹಿಂದಿನ ಮೊಳೆ) ವಾಪಸು ಕಳುಹಿಸಲಾಗಿದೆ. ಅದರ ಪರವಾಗಿ ಅತ್ತೆಯವರು ಸಲ್ಲಿಸಿದ “ಬಿಸಿಲು ನೆತ್ತಿ ಸುಡ್ತಿತ್ತು. ಛತ್ರಿ ಇರೋದು ತಲೆಗೆ ಕಣೇ, ಗೋಡೆಗಲ್ಲ” ಎಂಬ ವಿವರಣೆಯನ್ನು ಪರಿಶೀಲಿಸಲಾಗಿ, ಇಡೀ ಪ್ರಕರಣದಲ್ಲಿ ನ್ಯಾಯಯುತವಾದ ಮಾತು ಇದೊಂದೇ ಎಂದು ಕಂಡುಬಂದಿದೆ.

೫. ಛತ್ರಿಯಿಂದ ತೆರವಾದ ಹುದ್ದೆಗೆ ಟೋಪಿ, ಟವೆಲು, ಹಳೆಯ ಕ್ಯಾಲೆಂಡರು, ಕೈಚೀಲ ಇತ್ಯಾದಿಗಳನ್ನು ಶಿಫಾರಸು ಮಾಡುವಂತಿಲ್ಲ. ಯಜಮಾನರ ಕಾಲುಚೀಲವನ್ನು ಯಾರೂ ಮುಟ್ಟುವುದಿಲ್ಲ ಎಂಬುದು ನಿಜವಾದರೂ, ಅದನ್ನು ಸುರಕ್ಷತಾ ಸಾಧನವೆಂದು ಮಾನ್ಯ ಮಾಡಲಾಗದು.

೬. ದರ್ಜಿಯ ಬಲ್ಬಿಗೆ ನೀಡಿದ್ದ ಮಾನ್ಯತೆಯನ್ನು ರದ್ದುಪಡಿಸಲಾಗಿದೆ. ಮಂಗಳವಾರ ಅದು ಉರಿದದ್ದು ಈ ಮನೆಯದೇ ಕರೆಂಟಿನಿಂದ. ಅಂದರೆ ನಮ್ಮ ತಪ್ಪನ್ನು ಸರಿಯೆಂದು ನಮಗೆ ಸಾರಿದ್ದು ನಮ್ಮದೇ ಜನರೇಟರ್. ಆ ಎರಡು ನಿಮಿಷದ ಬೆಳಕಿನಲ್ಲಿ ಕಳೆದುಹೋಗಿದ್ದ ಕತ್ತರಿ ಸಿಕ್ಕಿತೆಂದು ದರ್ಜಿಯವರು ಧನ್ಯವಾದ ಹೇಳಿಕಳುಹಿಸಿದ್ದಾರೆ. ಧನ್ಯವಾದವನ್ನು ಸ್ವೀಕರಿಸದೆ ಹಿಂದಿರುಗಿಸಲಾಗಿದೆ.

೭. “ಏನೂ ಆಗಲ್ಲ” ಎಂಬ ಪದಗುಚ್ಛವನ್ನು ಇನ್ನು ಮುಂದೆ ಬಾಯಿಮಾತಿನಲ್ಲಿ ಬಳಸಕೂಡದು. ಅವಶ್ಯವಿದ್ದಲ್ಲಿ ಮೂರು ಪ್ರತಿಗಳಲ್ಲಿ ಬರೆದು, ಇಬ್ಬರು ಸಾಕ್ಷಿಗಳ ರುಜುವಿನೊಂದಿಗೆ ಸಲ್ಲಿಸುವುದು. ಸಾಕ್ಷಿಗಳಲ್ಲಿ ಒಬ್ಬರು ಆ ಸಮಯದಲ್ಲಿ ಕಂಬದ ಮೇಲಿರತಕ್ಕದ್ದು.

೮. ಪ್ರಸ್ತಾವನೆಯಲ್ಲಿ “ಮೇನ್ ಸ್ವಿಚ್ಚನ್ನು ಮೇಲೆತ್ತಲಾಯಿತು” ಎಂದಿದೆ. ಮೇಲೆತ್ತಿದವರು ಯಾರೆಂಬ ಬಗ್ಗೆ ಮಂಗಳವಾರ ಮಧ್ಯಾಹ್ನ ಯಜಮಾನರು ವಿಚಾರಣೆ ನಡೆಸಿ, ಪರೀಕ್ಷೆಗೆ ಓದಲೆಂದು ಮನೆಯಲ್ಲಿದ್ದ ಮಗಳೇ ಎಂದು ತೀರ್ಮಾನಿಸಿದರು. “ಕಣ್ಣೆಲ್ಲ ಮೊಬೈಲಲ್ಲೇ ಇದ್ರೆ ಇನ್ನೇನಾಗುತ್ತೆ” ಎಂಬುದು ತೀರ್ಪಿನ ಮುಖ್ಯ ಭಾಗ. “ನಾನಲ್ಲಪ್ಪ” ಎಂದು ಮಗಳು ಮೂರು ಬಾರಿ ಮೇಲ್ಮನವಿ ಸಲ್ಲಿಸಿ, ಮೂರೂ ವಜಾ ಆಗಿ, ಊಟ ಬಿಟ್ಟು ಕೋಣೆ ಸೇರಿದಳು. ಗ್ಯಾಸಿನ ನಾಬನ್ನು ಮೂರು ಸಲ ನೋಡುವ, ಬೀಗ ಹಾಕಿ ಎರಡು ಸಲ ಜಗ್ಗುವ, ಈ ಮನೆಯ ಅತ್ಯಂತ ಜಾಗರೂಕ ಸದಸ್ಯರನ್ನು ಯಾರೂ ಏನೂ ಕೇಳಲಿಲ್ಲ.

ಕೇಳದಿದ್ದರೂ ಹೇಳಬೇಕಾಗಿದೆ. ಆ ಸದಸ್ಯರು ಸಹಿದಾರರು. ಹೊರಗಿನಿಂದ ಬಂದ ಸಹಿದಾರರು ಛತ್ರಿಯಿಲ್ಲದ ಸ್ವಿಚ್ಚನ್ನು ಕಂಡು, ಮೇಲೆತ್ತಲು ಮರೆತಿದ್ದಾರೆಂದು ಭಾವಿಸಿ, ಫ್ರಿಜ್ಜಿನ ಹಾಲಿನ ಚಿಂತೆಯಲ್ಲಿ ಮೇಲೆತ್ತಿದರು. ದರ್ಜಿಯ ಬಲ್ಬು ಹೊತ್ತಿದ್ದನ್ನು ಕಂಡು ಕಿಟಕಿಗೆ ಬಂದು, ಕಂಬದ ಕಡೆಗೆ “ಬಂತು ಬಂತು, ಪುಣ್ಯ ಬರ್ಲಿ ನಿಮಗೆ” ಎಂದು ಹರಸಿದರು. ಹರಸಿದ ಧ್ವನಿ ಯಾರದೆಂದು ಲೈನ್‌ಮನ್ನರಿಗೆ ಗೊತ್ತಿತ್ತು. ಆದರೂ ಅವರು ಯಜಮಾನರ ಎದುರು ಅದನ್ನು ಹೇಳದೆ, ನೀರಿನ ಲೋಟ ಕೆಳಗಿಟ್ಟು ಹೋದರು.

ಸಹಿದಾರರು ಆ ಮೌನದ ಮರೆಯಲ್ಲಿ ಈ ಸುತ್ತೋಲೆಯವರೆಗೆ ಕುಳಿತಿದ್ದರು ಎಂಬುದನ್ನು ವಿಷಾದದೊಂದಿಗೆ ದಾಖಲಿಸಲಾಗಿದೆ. ಮಗಳ ಮೇಲಿನ ಆರೋಪವನ್ನು ಸಂಪೂರ್ಣವಾಗಿ ಕೈಬಿಡಲಾಗಿದೆ. ಕೋಣೆಯ ಬಾಗಿಲು ತೆರೆಯುವಂತೆ ಆಕೆಯನ್ನು ಈ ಮೂಲಕ ಕೋರಲಾಗಿದೆ.

ಸಹಿ/-
ಮನೆವಾರ್ತೆ ಅಧಿಕಾರಿ ಹಾಗೂ ಆರೋಪಿ
ಅಡುಗೆಮನೆ ಶಾಖೆ

ಪ್ರತಿಗಳು:
೧. ಯಜಮಾನರಿಗೆ, ಓದಿ, ಮಗಳಲ್ಲಿ ಕ್ಷಮೆ ಕೇಳಿ, ಪಾಲನಾ ವರದಿ ಸಲ್ಲಿಸಲು.
೨. ಅತ್ತೆಯವರಿಗೆ, ಕನ್ನಡಕ ಸಿಕ್ಕ ಮೇಲೆ.
೩. ಮಗಳಿಗೆ, ಬಾಗಿಲ ಸಂದಿಯಿಂದ. (ಒಳಗಿನಿಂದ ಎಳೆದುಕೊಳ್ಳಲಾಗಿದೆ.)
೪. ಛತ್ರಿಯ ಸೇವಾ ಪುಸ್ತಕಕ್ಕೆ.
೫. ಜನರೇಟರಿಗೆ, ಬೆನ್ನಿಗೆ ಅಂಟಿಸಲು.
೬. ಲೈನ್‌ಮನ್ನರಿಗೆ, ಮಾಹಿತಿಗಾಗಿ, ಮಾಹಿತಿ ಅವರಲ್ಲಿ ಮೊದಲೇ ಇದ್ದರೂ.
೭. ಲೈನ್‌ಮನ್ನರ ಮನೆಯವರಿಗೆ: ಕಳುಹಿಸಿಲ್ಲ.