ಕೂರ್ಮಾವತಾರದ ವರ್ಗೀಕರಣ

ಸೊಸೆ ಅತ್ತೆಯನ್ನು ಹೊಗಳಿದರೆ ಕೇಳುವವರು ಅತ್ತೆಯ ಹೆಸರಿನಲ್ಲಿ ಆಸ್ತಿ ಇರಬೇಕು ಎಂದುಕೊಳ್ಳುತ್ತಾರೆ, ಇಲ್ಲವೇ ಅತ್ತೆ ಪಕ್ಕದ ಕೋಣೆಯಲ್ಲೇ ಕೂತಿರಬೇಕು ಎಂದುಕೊಳ್ಳುತ್ತಾರೆ. ನಮ್ಮತ್ತೆಗೆ ಆಸ್ತಿ ಇರಲಿಲ್ಲ. ಈಗ ಅವರೂ ಇಲ್ಲ. ಆದ್ದರಿಂದ ಯಾವ ಲಾಭದ ಆಸೆಯೂ ಇಲ್ಲದೆ ನಾನು ಹೆಮ್ಮೆಪಡಬಹುದು.

ಎಪ್ಪತ್ತರ ದಶಕದ ಕೊನೆ. ತಿ. ನರಸೀಪುರದ ಹೈಸ್ಕೂಲೊಂದಕ್ಕೆ ನಾನು ಹೊಸದಾಗಿ ಸೈನ್ಸ್ ಮೇಡಂ ಆಗಿ ಸೇರಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹೆಂಗಸರಿಗೆ ಹೊಲಿಗೆ ಪಾಠವೇ ಸಲೀಸು ಎಂಬುದು ನಮ್ಮ ಹೆಡ್‌ಮಾಸ್ಟರ ಅಭಿಪ್ರಾಯ. ಹಾಗಾಗಿ ವಿಜ್ಞಾನ ಪ್ರದರ್ಶನದ ಹೊಣೆ ನನ್ನ ತಲೆಗೆ ಬಿದ್ದಾಗ, ಪ್ರಾಣಿಗಳ ವರ್ಗೀಕರಣವನ್ನು ಜೀವಂತವಾಗಿಯೇ ತೋರಿಸಿಬಿಡುತ್ತೇನೆ ಎಂದು ಹಟ ತೊಟ್ಟೆ. ಮೀನು ಜಾಡಿಯಲ್ಲಿ ಬಂತು, ಮಳೆಗಾಲದ ಕಪ್ಪೆ ತಾನಾಗಿಯೇ ಬಂತು, ಪಾರಿವಾಳ, ಮೊಲ ಎರವಲು ಸಿಕ್ಕವು. ಸರೀಸೃಪ ಮಾತ್ರ ಸಿಗಲಿಲ್ಲ. ಗೋಡೆಯ ಹಲ್ಲಿಯನ್ನು ಹಿಡಿಯಲು ಹೋದೆ. ಬಾಲ ನನ್ನ ಕೈಗೆ ಬಂತು, ನನ್ನ ಕಿರುಚಾಟ ಸ್ಟಾಫ್ ರೂಮಿನವರ ಬಾಯಿಗೆ ಬಂತು.

ಕೊನೆಗೆ ಹೆಮ್ಮಿಗೆಯಿಂದ ಬರುತ್ತಿದ್ದ ಡ್ರಿಲ್ ಮೇಷ್ಟ್ರು ಮಾದಪ್ಪ ಒಂದು ಬೆಳಿಗ್ಗೆ ಬಕೆಟ್ ಹಿಡಿದು ಮನೆಗೇ ಬಂದರು. "ತಗಳಿ ಮೇಡಂ, ಒಳೇಲಿ ಬಲೆಗೆ ಸಿಕ್ಕಾಕಂಡಿತ್ತು. ಕೆಲ್ಸ ಮುಗುದ್ಮೇಲೆ ನೀರಿಗೇ ಬುಟ್ಬುಡಿ, ಪಾಪ." ಬಕೆಟ್ಟಿನಲ್ಲಿ ಆಮೆ!

ಅದನ್ನು ಬಚ್ಚಲಿನ ತೊಟ್ಟಿಯಲ್ಲಿ ಬಿಟ್ಟು ಸ್ಕೂಲಿಗೆ ಹೋದೆ. ಸಂಜೆ ಬಂದು ನೋಡಿದರೆ ಅದರ ಬೆನ್ನ ಮೇಲೆ ಗಂಧ, ತುಳಸಿ. ತೊಟ್ಟಿಯ ಮುಂದೆ ರಂಗೋಲಿ. ಬೀದಿಯ ಹೆಂಗಸರ ಸಾಲು. ನಂಜನಗೂಡಿನ ಪುರೋಹಿತರ ಮನೆಯಲ್ಲಿ ಹುಟ್ಟಿದ ನಮ್ಮತ್ತೆ, ಕೂರ್ಮಾವತಾರ ಮನೆ ಹುಡುಕಿಕೊಂಡು ಬಂದಿದೆಯೆಂದು ಸಾರಿಬಿಟ್ಟಿದ್ದರು. ನಮ್ಮ ಯಜಮಾನರು ಸ್ನಾನಕ್ಕೆ ದಾರಿಯಿಲ್ಲದೆ ಟವೆಲ್ ಹೊದ್ದು ನಿಂತಿದ್ದರು.

"ಅತ್ತೆ, ಶನಿವಾರ ಇದನ್ನ ಸ್ಕೂಲಿಗೆ ತಗೊಂಡು ಹೋಗ್ಬೇಕು. ಸರೀಸೃಪಗಳ ಗುಂಪಿಗೆ" ಎಂದೆ.

"ಹಾಗಂದ್ರೆ?"

"ಹಾವು, ಹಲ್ಲಿ, ಮೊಸಳೆ..."

"ದೇವರನ್ನ ಹಲ್ಲಿ ಪಕ್ಕ ಕೂರಿಸ್ತೀಯೇನೇ? ನೀರಲ್ಲಿರೋದು, ಮೀನಿನ ಜೊತೆ ಇಡು. ಮತ್ಸ್ಯಾವತಾರ, ಹತ್ತಿರದ ಸಂಬಂಧ!"

ನಾನೂ ಬಿಡಲಿಲ್ಲ. ತೊಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಪಾಠ ಶುರುಮಾಡಿದೆ. ವಾಸದ ಜಾಗ ನೋಡಿ ಗುಂಪು ಹೇಳುವುದಕ್ಕಾಗುವುದಿಲ್ಲ. ಇದಕ್ಕೆ ಮೀನಿನ ಹಾಗೆ ಕಿವಿರಿಲ್ಲ, ಉಸಿರಿಗೆ ಮೂಗು ಮೇಲೆತ್ತಲೇಬೇಕು, ಮೊಟ್ಟೆಯಿಡಲು ದಡಕ್ಕೇ ಬರಬೇಕು. ಅತ್ತೆ ತೊಟ್ಟಿಗೆ ಬಗ್ಗಿದರು. ಆಮೆ ಮೆಲ್ಲಗೆ ಮೂಗೆತ್ತಿತು. "ಹೌದಲ್ಲೇ, ಉಸಿರು ತಗೋತಿದೆ!" ಎಂದು ಪಿಸುಗುಟ್ಟಿದರು. ಆಮೇಲೆ ಗಟ್ಟಿಯಾಗಿ, "ಆದ್ರೂ ಒಂಟಿಯಾಗಿ ಕಳಿಸಲ್ಲ. ನಾನೂ ಬರ್ತೀನಿ."

ಬಂದರು. ರೇಷ್ಮೆ ಸೀರೆ ಉಟ್ಟು, ಆಮೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಹೆಡ್‌ಮಾಸ್ಟರು ನನ್ನನ್ನು ದುರುಗುಟ್ಟಿ ನೋಡುತ್ತಿದ್ದ ಹೊತ್ತಿಗೇ ಮೈಸೂರಿನಿಂದ ಶಿಕ್ಷಣ ಇಲಾಖೆಯ ಅಧಿಕಾರಿಗಳು ಬಂದರು.

"ಇದೇನ್ರೀ ಮೇಡಂ, ನೀರಿನ ಪ್ರಾಣೀನ ಇಲ್ಲಿಟ್ಟಿದ್ದೀರಿ? ಮೀನಿನ ಸಾಲಲ್ಲಿ ಇರಬೇಕಲ್ವೇ?"

ದೊಡ್ಡವರನ್ನು ಎಲ್ಲರೆದುರು ತಿದ್ದುವುದು ಹೇಗೆ? ಹೆಡ್‌ಮಾಸ್ಟರ ಮುಖದಲ್ಲಿ ಹೊಲಿಗೆ ಪಾಠ ಕಾಣಿಸಿತು.

"ಅಲ್ಲಪ್ಪಾ" ಎಂದರು ಅತ್ತೆ. "ಇರೋ ಜಾಗ ನೋಡಿ ಗುಂಪು ಹೇಳಬಾರದು. ಮದುವೆಯಾದಾಗಿಂದ ದಿನಾ ಹೊಳೇಲಿ ಮುಳುಗಿ ಏಳ್ತೀನಿ, ನಾನೇನು ಮೀನಾದ್ನೇ? ಸ್ವಲ್ಪ ತಾಳು, ಮೂಗೆತ್ತುತ್ತೆ. ನೋಡು! ನಮ್ಮ ಸೊಸೆ ಹೇಳಿಕೊಟ್ಟಿದ್ದು ಕಣಪ್ಪ. ಅವಳು ಓದಿದೋಳು."

ಅಧಿಕಾರಿಗಳು ಬಗ್ಗಿ ನೋಡಿದರು, ಆಮೇಲೆ ಹೊಟ್ಟೆ ತುಂಬ ನಕ್ಕರು. "ಸರಿ ತಾಯಿ, ನಂದೇ ತಪ್ಪು" ಎಂದು ಕೈಮುಗಿದರು. ಸೊಸೆ ಕೆಲಸಕ್ಕೆ ಹೋಗುವುದೇ ಬೇಡವೆಂದು ಒಂದು ಕಾಲಕ್ಕೆ ಊಟ ಬಿಟ್ಟಿದ್ದ ಅತ್ತೆ, ಸಂಜೆಯವರೆಗೂ ಬಂದವರಿಗೆಲ್ಲ ನನ್ನ ಪಾಠವನ್ನು ಒಪ್ಪಿಸಿದರು. ಪ್ರತಿ ಸಲವೂ "ನಮ್ಮ ಸೊಸೆ ಹೇಳಿದ್ದು" ಎಂದು ಸೇರಿಸಿದರು. ನಾನು ಮೊಲದ ಪಂಜರದ ಹಿಂದೆ ಹೋಗಿ ಕಣ್ಣೊರೆಸಿಕೊಂಡೆ.

ಆಮೆಯನ್ನು ಇಬ್ಬರೂ ಸೇರಿ ಹೊಳೆಗೆ ಬಿಟ್ಟೆವು. ಸೋಮವಾರ ಹೆಡ್‌ಮಾಸ್ಟರು ನನ್ನನ್ನು ಕರೆಸಿದರು. ಮೊಟ್ಟಮೊದಲ ಸಲ ಕುರ್ಚಿ ತೋರಿಸಿ ಕೂರಲು ಹೇಳಿದರು. ನಾನು ತಲೆಯೆತ್ತಿ ಕೂತೆ.

"ಬರೋ ವರ್ಷ ಇನ್ನೂ ದೊಡ್ಡದಾಗಿ ಮಾಡೋಣ ಮೇಡಂ. ನಿಮ್ಮ ಅತ್ತೆಯವರು ಬಿಡುವಾಗಿರ್ತಾರಾ, ಕೇಳಿ ನೋಡಿ. ಅವರು ಬರೋದಾದ್ರೆ, ಜೊತೆಗೆ ನೀವೂ ಇರಿ."